ಕೇಳುವವನನ್ನೂ ಸೇರಿಸಿಕೊಳ್ಳುವ ಹೆಸರು

"ಕೇಳಿರಿ, ಕೇಳಿರಿ! ಹಿನ್ನೀರ ದಡದ ಹುವಾವೆಗಳು ಅಮಾವಾಸ್ಯೆಯೊಳಗೆ ಜಾಗ ಖಾಲಿ ಮಾಡತಕ್ಕದ್ದು. ಅವರಲ್ಲಿ ಯಾರಾದರೂ ದೊರೆಯ ಮೂರು ಒಗಟು ಬಿಡಿಸಿದರೆ ದಡ ಅವರದೇ. ತಪ್ಪಿದವನ ತಲೆ ಮಾತ್ರ ದೊರೆಯದು!"

ಬೆಟ್ಟದ ರಾಜ ಹೀಗೆ ಡಂಗುರ ಹೊಡೆಸಿದ. ಬೆಟ್ಟದವರ ಮಾತಿನಲ್ಲಿ ಹುವಾವೆ ಎಂದರೆ ಒದ್ದೆಯಲ್ಲಿ ಕೊಳೆಯುವವರು. ಎದೆಮಟ್ಟ ನೀರಿನಲ್ಲಿ ನಿಂತು ಸಿಗಡಿ ಹಿಡಿಯುವ ಬಡಪಾಯಿಗಳಿಗೆ ಎಂಥ ಬಿರುದು ನೋಡಿ!

ಮೊದಲು ಹೋದವನು ದೋಣಿಗಳ ಸಾಹುಕಾರ.

"ನೀವು ಬೇಡಲಿಲ್ಲ, ನಾವು ಕೊಟ್ಟೆವು. ಬೇಡವೆಂದರೂ ನಿಮಗಂಟಿಕೊಂಡಿದೆ. ಏನದು?" ಎಂದ ರಾಜ.

"ತಮ್ಮ ಕೃಪೆ, ಒಡೆಯಾ!"

ಹೊಗಳಿಕೆ ತಲೆ ಉಳಿಸಲಿಲ್ಲ.

ಎರಡನೆಯವನು ಬೆಸ್ತರ ಬಸಿಲಿಯೊ. ಚುರುಕಿನ ಹುಡುಗ. "ಹುವಾವೆ ಅನ್ನೋ ಹೆಸರು" ಎಂದು ಮೊದಲನೆಯದನ್ನು ಬಿಡಿಸಿದ.

"ನಿಮ್ಮ ಹಿರಿಯರು ದಕ್ಷಿಣದ ಕಡಲಿಂದ ತಂದದ್ದು. ದೋಣಿಗೆ ಭಾರವಾಗಲಿಲ್ಲ, ನೀರಿಗೆ ನೆನೆಯಲಿಲ್ಲ. ಒಬ್ಬೊಬ್ಬರೂ ಪೂರ್ತಿ ತಂದರು. ಏನದು?" ಎಂದು ರಾಜ ಎರಡನೆಯದನ್ನು ಕೇಳಿದ.

"ನೆನಪು" ಎಂದ ಬಸಿಲಿಯೊ. ಅವನ ತಲೆಯೂ ಹೋಯಿತು. ಅಲ್ಲಿಗೆ ದಡದವರ ಆಸೆ ಸತ್ತಿತು.

ಮೂರನೆಯವನು ಎಲಾಡಿಯೊ, ಹರಿದ ಬಲೆ ಹೊಲಿಯುವವನು. ಅವನನ್ನು ಯಾರೂ ಕಳಿಸಲಿಲ್ಲ, ಯಾರೂ ತಡೆಯಲೂ ಇಲ್ಲ.

ಮೊದಲನೆಯದಕ್ಕೆ ಬಸಿಲಿಯೊನ ಉತ್ತರವನ್ನೇ ಕೊಟ್ಟ. ಎರಡನೆಯದಕ್ಕೆ ಹೇಳಿದ: "ನಮ್ಮ ಮಾತು, ಒಡೆಯಾ. 'ನಮ್ಮ ಬಾಯಿ' ಅಂತೀವಿ ಅದಕ್ಕೆ. ನೆನಪು ಒಬ್ಬೊಬ್ಬರದು ಒಂದೊಂದು ಚೂರು. ಮಾತು ಹಾಗಲ್ಲ, ಮಗುವಿಗೂ ಪೂರ್ತಿ ಸಿಗುತ್ತೆ."

ರಾಜ ಮುಂದಕ್ಕೆ ಬಾಗಿದ. "ಒಬ್ಬನೇ ಇದ್ದರೆ ಅದಿಲ್ಲ. ಇಬ್ಬರಾದರೆ ಉಂಟು. ಕೇಳುವವನೂ ಅದರೊಳಗೇ. ಏನದು?"

"ಇಕೂಟ್ಸ್. ನಾವು ಅಂತ ಅರ್ಥ. ನಮ್ಮನ್ನ ನಾವು ಕರೆದುಕೊಳ್ಳೋ ಹೆಸರು ಅದೇ. ನಾನು ಹೇಳಿದೆ, ತಾವು ಕೇಳಿದಿರಿ. ಈಗ ತಾವೂ ಅದರಲ್ಲಿದ್ದೀರಿ, ಒಡೆಯಾ."

ರಾಜನ ಮುಖ ಕಪ್ಪಿಟ್ಟಿತು. ಆದರೂ ಕೊಟ್ಟ ಮಾತು. ದಡವನ್ನೆಲ್ಲ ಅವರ ಹೆಸರಿಗೆ ಓಲೆಯಲ್ಲಿ ಬರೆದು, ಮುದ್ರೆಯೊತ್ತಿ ಕೈಗಿಟ್ಟ.

ಎಲಾಡಿಯೊ ಏದುಸಿರು ಬಿಡುತ್ತ ದಡಕ್ಕೆ ಓಡಿ ಬಂದ. ಗುಡಿಸಲುಗಳೆಲ್ಲ ಖಾಲಿ. ಒಂದು ದೋಣಿಯೂ ಇಲ್ಲ. ಅವನು ಗೆಲ್ಲುತ್ತಾನೆಂದು ಒಬ್ಬರಿಗೂ ಅನಿಸಿರಲಿಲ್ಲ. ಹಿರಿಯರು ದೋಣಿಯಲ್ಲಿ ಬಂದಂತೆಯೇ ಹೊರಟುಹೋಗಿದ್ದರು, ಯಾವ ದಿಕ್ಕಿಗೋ.

ಉಳಿದವನೊಬ್ಬನೇ, ಬಸಿಲಿಯೊನ ಅಪ್ಪ. ಮಗನನ್ನು ಹೂತ ಜಾಗದಲ್ಲಿ ಕೂತಿದ್ದ.

"ದಡ ಸಿಕ್ಕಿತು, ಅಜ್ಜಾ" ಎಂದ ಎಲಾಡಿಯೊ.

"ಯಾರಿಗೆ?"

"ನಮಗೆ."

ಮುದುಕ ಉದ್ದಕ್ಕೂ ಬರಿದಾದ ದಡವನ್ನು ನೋಡಿದ. "ನಮಗೆ ಅಂದರೆ ಯಾರಿಗಪ್ಪಾ?"

ಎಲಾಡಿಯೊಗೆ ಅಳು ಬಂತು. ಓಲೆ ಹಿಡಿದೇ ಮುದುಕನ ಪಕ್ಕ ಕೂತ.