ಒಂದು ಪೋಸ್ಟ್‌ಕಾರ್ಡಿನಷ್ಟು ಸಂದು

ತುಂಗಭದ್ರೆಯ ಈಚೆ ದಂಡೆಯಲ್ಲಿ, ರೈಲು ಸೇತುವೆಗೆ ಕೂಗಳತೆಯಲ್ಲಿ, ಒಂದು ತಗಡಿನ ಶೆಡ್ಡು. ಅದರಲ್ಲಿ ಕಾಳಪ್ಪ ಮಿಸ್ತ್ರಿ. ಹಳೆಯ ಕಾರು ಕೆಟ್ಟು ನಿಂತರೆ ಸುತ್ತಲಿನ ಮೂರು ಜಿಲ್ಲೆಯವರು ಬೇರೆ ಬಾಗಿಲು ತಟ್ಟುತ್ತಿರಲಿಲ್ಲ.

ಮಿಸ್ತ್ರಿಗೆ ಒಬ್ಬನೇ ಶಿಷ್ಯ, ಶಿವಪುತ್ರ. ಬಸ್ ಡಿಪೋದ ಕೆಲಸ ಬಿಟ್ಟು ಬಂದಾಗ ಅವನಿಗೆ ಮೂವತ್ತು ದಾಟಿತ್ತು. ಈ ವಯಸ್ಸಿನಲ್ಲಿ ಅಆಇಈ ಕಲಿಯಲು ಹೊರಟಿದ್ದಾನೆ ಎಂದು ನಕ್ಕವರುಂಟು. ನಗಲಿ. ಹಳೆಯ ಸಾಮಾನು ಕಿತ್ತು ಹೊಸದು ಹಾಕುವುದು ಒಂದು ವಿದ್ಯೆ, ಸಾಮಾನೇ ಸಿಗದ ಇಂಜಿನ್ನನ್ನು ಬದುಕಿಸುವುದು ಬೇರೆಯೇ ವಿದ್ಯೆ. ನಕ್ಕವರಿಗೆ ಇದು ಗೊತ್ತಿರಲಿಲ್ಲ, ಶಿವಪುತ್ರನಿಗೆ ಗೊತ್ತಿತ್ತು.

ಮೊದಲ ವರ್ಷ ಮಿಸ್ತ್ರಿ ಅವನಿಗೆ ಟ್ಯಾಪೆಟ್ ಹೊಂದಿಸುವುದನ್ನು ಕಲಿಸಿದರು. ಇಂಜಿನ್ನಿನ ತಲೆಯಲ್ಲಿ ವಾಲ್ವುಗಳಿರುತ್ತವೆ. ಒಂದೊಂದನ್ನೂ ಒಂದು ಪುಟ್ಟ ಕಬ್ಬಿಣದ ತೋಳು ತಟ್ಟಿ ತೆರೆಯುತ್ತದೆ. ತೋಳಿಗೂ ವಾಲ್ವಿಗೂ ನಡುವೆ ಒಂದು ಪೋಸ್ಟ್‌ಕಾರ್ಡು ತೂರುವಷ್ಟು ಸಂದು ಬಿಡಬೇಕು.

“ಸಂದು ಯಾಕ್ರಿ?” ಎಂದ ಶಿವಪುತ್ರ. “ಸಂದಿದ್ರ ಟಕಟಕ ಅಂತೈತಲ್ರಿ.”

“ಅನ್ನಲಿ.”

“ಬಿಗಿ ಮಾಡಿದ್ರ ಸುಮ್ಮನಾಗತೈತ್ರಿ.”

“ಇಂಜಿನ್ ಕಾದ ಮ್ಯಾಲೆ ವಾಲ್ವು ಉದ್ದ ಆಗತೈತಿ. ಆವಾಗ ಅದಕ್ಕ ಕಾಲು ಚಾಚಾಕ ಜಾಗ ಬೇಕು. ಇರಲಿಲ್ಲಂದ್ರ ಬಾಗಿಲು ಪೂರ್ತಿ ಮುಚ್ಚೂದಿಲ್ಲ. ಅಲ್ಲಿ ಬೆಂಕಿ ನುಗ್ಗಿ ಅಂಚು ಸುಡತೈತಿ.”

“ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ರಿ.”

“ಅದು ಮನಷ್ಯಾರಿಗೆ. ಟ್ಯಾಪೆಟ್ಟಿಗಲ್ಲ.”

ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಕೆಲಸ ಮುಗಿದ ಇಂಜಿನ್ನನ್ನು ಶುರು ಮಾಡಿ ಮಿಸ್ತ್ರಿ ಒಂದು ಸೀಸಂ ಮರದ ಕೋಲು ಹಿಡಿದು ಬರುವರು. ಕೋಲಿನ ಒಂದು ತುದಿ ಇಂಜಿನ್ನಿನ ಮೇಲೆ, ಇನ್ನೊಂದು ತುದಿ ಕಿವಿಗೆ. ಆಮೇಲೆ ಗೇರುಪೆಟ್ಟಿಗೆಯ ಮೇಲೆ. ಒಳಗೆ ಯಾವ ಬೇರಿಂಗು ನರಳುತ್ತಿದೆ, ಯಾವ ಹಲ್ಲು ಸವೆದಿದೆ ಎಂಬುದನ್ನು ಬಿಚ್ಚದೆಯೇ ಹೇಳುವರು. ಎಲ್ಲ ಸರಿಯಿದ್ದರೆ “ಹೋಗಲಿ” ಎನ್ನುವರು. ಆ ಮಾತು ಬೀಳದೆ ಯಾವ ಗಾಡಿಯೂ ಶೆಡ್ಡು ದಾಟುತ್ತಿರಲಿಲ್ಲ.

ಐದನೆಯ ವರ್ಷ ಕೋಲು ಕಿವಿ ಬಿಟ್ಟು ಬಾಯಿಗೆ ಬಂತು. ಮಿಸ್ತ್ರಿ ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲತೊಡಗಿದರು.

“ಇದ್ಯಾವ ನಮೂನಿರಿ?” ಎಂದು ಶಿವಪುತ್ರ ಕೇಳಿದ.

“ಹಲ್ಲಿಗೆ ಚೊಲೋ ಕೇಳ್ತೈತಿ.”

ಶಿವಪುತ್ರನೂ ಕಚ್ಚಿ ನೋಡಿದ. ತಲೆಬುರುಡೆಯೊಳಗೆಲ್ಲ ಗುಂಯ್ ಎಂದು ಸದ್ದು ಹರಿದಾಡಿ ಅವನಿಗೆ ನಗು ಬಂತು. ಗುರುವಿನ ಹೊಸ ಗುಟ್ಟು ಸಿಕ್ಕಿತೆಂದು ವಾರಗಟ್ಟಲೆ ಬೀಗಿದ.

ಒಂದು ಮಧ್ಯಾಹ್ನ ಸೇತುವೆಯ ಮೇಲೆ ಎಕ್ಸ್‌ಪ್ರೆಸ್ ರೈಲು ಕೂಗುತ್ತ ಹಾಯಿತು. ಆ ಕೂಗಿಗೆ ತಲೆಯೆತ್ತಿ ಗಡಿಯಾರ ನೋಡಿಕೊಳ್ಳುವುದು ಮಿಸ್ತ್ರಿಯ ನಲವತ್ತು ವರ್ಷದ ರೂಢಿ. ಅಂದು ಅವರು ತಲೆ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ.

ಕೋಲು ಕಿವಿ ಬಿಟ್ಟು ಹಲ್ಲಿಗೆ ಬಂದದ್ದೇಕೆಂದು ಶಿವಪುತ್ರನಿಗೆ ಆಗ ತಿಳಿಯಿತು. ಅವನು ಯಾರಿಗೂ ಹೇಳಲಿಲ್ಲ. ಅಂದಿನಿಂದ ಎದುರಿಗೆ ನಿಂತು ಮಾತಾಡತೊಡಗಿದ. ಗಿರಾಕಿಗಳು ಬೆನ್ನ ಹಿಂದಿನಿಂದ ಏನಾದರೂ ಕೇಳಿದರೆ ಮುಂದೆ ಬಂದು ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದ. ಮಿಸ್ತ್ರಿಗೆ ತಮ್ಮ ಗುಟ್ಟು ಗುಟ್ಟಾಗಿಯೇ ಇದೆ ಎಂಬ ಸಮಾಧಾನ. ಶಿವಪುತ್ರನಿಗೆ ಆ ಸಮಾಧಾನವನ್ನು ಕಾಯುವ ಕೆಲಸ. ಅದನ್ನು ಅವನು ಪ್ರೀತಿಯಿಂದಲೇ ಮಾಡಿದ.

ಇಲ್ಲಿಯವರೆಗೆ ಎಲ್ಲ ಒಳ್ಳೆಯದೇ.

ಹನೀಫಸಾಬ ಎಂಬ ಬಾಡಿಗೆ ಕಾರಿನವನಿದ್ದ. ಅವನದು ಅರವತ್ತರ ದಶಕದ ಗಾಡಿ, ಗೇರಿನ ಕೋಲು ಸ್ಟೇರಿಂಗಿನ ಪಕ್ಕದಲ್ಲಿ. ಹಳ್ಳಿಯ ರೋಗಿಗಳನ್ನು ದಾವಣಗೆರೆಯ ಆಸ್ಪತ್ರೆಗೆ ಒಯ್ಯುವುದು ಅವನ ಜೀವನ. ಒಂದು ದಿನ ಬಂದು ಶಿವಪುತ್ರನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ.

“ತಮ್ಮಾ, ಈ ಟಕಟಕ ಒಂದು ತೆಗೀಯಪಾ. ಸದ್ದು ಕೇಳಿದ ಕೂಡ್ಲೆ ಮಂದಿ, ಸಾಬರ ಗಾಡಿ ಮುಗೀತು ಅಂತ ಬ್ಯಾರೆ ಗಾಡಿ ಹತ್ತಾಕತ್ಯಾರ.”

“ಅದು ಇರಬೇಕ್ರಿ ಸಾಬ್ರ.”

“ಇರಬೇಕು ಖರೆ. ನಾನೂ ಇರಬೇಕಲ್ಲ?”

ಶಿವಪುತ್ರನಿಗೆ ಪಾಪ ಅನ್ನಿಸಿತು. ಸದ್ದೇ ಇಲ್ಲದ ಇಂಜಿನ್ನು ಮಾಡಿಕೊಟ್ಟರೆ ತನ್ನ ಹೆಸರೂ ನಾಲ್ಕು ಊರಿಗೆ ಹರಡೀತು ಎಂಬ ಆಸೆಯೂ ಜೊತೆಗೆ ಸೇರಿತು. ಸಂದು ಅಳೆಯುವ ಉಕ್ಕಿನ ಎಲೆಗಳಲ್ಲಿ ಸರಿಯಾದ ಎಲೆಯನ್ನು ಪಕ್ಕಕ್ಕಿಟ್ಟು ತೆಳ್ಳನೆಯದನ್ನು ತೂರಿಸಿ, ಎಂಟೂ ವಾಲ್ವುಗಳನ್ನು ಬಿಗಿ ಮಾಡಿದ.

ಮೊದಲಾಗಿದ್ದರೆ ಮಿಸ್ತ್ರಿಗೆ ಹತ್ತು ಹೆಜ್ಜೆ ದೂರದಿಂದಲೇ ಗೊತ್ತಾಗುತ್ತಿತ್ತು, ಈಗ ಗೊತ್ತಾಗುವುದಿಲ್ಲ. ಈ ಯೋಚನೆ ಅವನಿಗೆ ಬಂತು. ಬಂದದ್ದನ್ನು ಅವನು ಓಡಿಸಲಿಲ್ಲ.

ಇಂಜಿನ್ನು ಶುರುವಾಯಿತು. ಹಾಲು ಕುಡಿದ ಕೂಸಿನಂತೆ ಸುಮ್ಮನಿತ್ತು. ಹನೀಫಸಾಬ ಬಾನೆಟ್ಟಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ. ಮಿಸ್ತ್ರಿ ಕೋಲು ಕಚ್ಚಿ ನಿಂತರು. ಆಮೇಲೆ ಶಿಷ್ಯನ ಮುಖ ನೋಡಿದರು.

“ಹೋಗಲಿ.”

ಇಪ್ಪತ್ತು ದಿನಕ್ಕೆ ಆ ಗಾಡಿ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಹನೀಫಸಾಬನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಚೊಚ್ಚಲ ಬಸುರಿ, ಬ್ಯಾನಿ ಎದ್ದಿದ್ದುವು,” ಎಂದ. “ಏರಿನ್ಯಾಗ ಗಾಡಿ ಎಳೀಲೇ ಇಲ್ಲ, ಕುಂತಬಿಟ್ತು. ಹಾಲಿನ ಗಾಡಿ ಬಂತು, ಅಲ್ಲಾನ ದಯಾ. ತಾಯಿ ಕೂಸು ಇಬ್ರೂ ಆರಾಮ ಅದಾರ. ಆದ್ರ ಆಕಿ ಚೀರಿದ್ದು ಇನ್ನೂ ನನ್ನ ಕಿವ್ಯಾಗ ಐತಿ. ನಾ ಇನ್ನ ಯಾರನ್ನ ಹತ್ತಿಸ್ಕೊಳ್ಳಲಿ?”

ಶಿವಪುತ್ರ ನಟ್ಟು ಬಿಚ್ಚುತ್ತಿದ್ದ ಪಾನಾವನ್ನು ಕೆಳಗಿಟ್ಟ.

ಮಿಸ್ತ್ರಿ ತಾವೇ ಮುಚ್ಚಳ ತೆಗೆದು ಉಕ್ಕಿನ ಎಲೆ ಹಿಡಿದು ಒಂದೊಂದೇ ಸಂದು ಅಳೆದರು. ಎಲೆ ಎಲ್ಲಿಯೂ ತೂರಲಿಲ್ಲ. ಇಂಜಿನ್ನಿನ ತಲೆ ಇಳಿಸಿದರು. ಮೂರನೆಯ ಸಿಲಿಂಡರಿನ ವಾಲ್ವಿನ ಅಂಚು ಇಲಿ ಕಡಿದ ರೊಟ್ಟಿಯಂತಾಗಿತ್ತು. ಅದರ ಮೇಲೆ ಅವರು ಹೆಬ್ಬೆರಳು ಆಡಿಸಿದರು.

“ಯಾರ ತಪ್ಪು ಮಿಸ್ತ್ರಿ?” ಎಂದು ಹನೀಫಸಾಬ ಎದುರಿಗೆ ಬಂದು ಕೇಳಿದ.

“ನಂದು.”

“ನಿಮ್ದಾ?”

“ನನಗ ಕೇಳ್ಸೂದಿಲ್ಲ ಹನೀಫ. ಎರಡು ವರ್ಷ ಆತು. ದೊಡ್ಡ ಸದ್ದಿದ್ರ ಹಲ್ಲಿಗೆ ಬಡೀತೈತಿ. ಟ್ಯಾಪೆಟ್ಟಿಂದು ಸಣ್ಣ ಸದ್ದು, ಅದು ಬಡ್ಯೂದಿಲ್ಲ. ಅವತ್ತು ಇವನ ಮುಖ ನೋಡಿದೆ. ಮುಖದಾಗ ಖುಷಿ ಇತ್ತು. ಹೋಗಲಿ ಅಂದೆ. ಇವಂದು ಎಲ್ಲೋ ಕೈ ತಪ್ಪೈತಿ. ಹಿಡೀಬೇಕಾದಾಂವ ನಾನು, ಹಿಡೀಲಿಲ್ಲ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ನಲವತ್ತು ವರ್ಷದ ಹೆಸರಿನ ಮೇಲೆ ಮಿಸ್ತ್ರಿ ದೊಣ್ಣೆಯನ್ನು ತಾವೇ ಎತ್ತಿದ್ದರು, ಅದೂ ಶಿಷ್ಯನ ತಲೆ ಉಳಿಸಲು.

ಹನೀಫಸಾಬ ಮಿಸ್ತ್ರಿಯ ಮೊಣಕೈ ಹಿಡಿದುಕೊಂಡ. “ನಿಮ್ಮ ಕೈಯಿಂದ ಈ ಗಾಡಿ ಇಷ್ಟು ವರ್ಷ ಓಡೈತಿ. ಹೋಗಲಿ ಬಿಡ್ರಿ,” ಎಂದ. ನಮಾಜಿಗೆ ಹೊತ್ತಾಗಿತ್ತು. ಕೈಕಾಲು ತೊಳೆಯಲು ಹೊಳೆಗೆ ಇಳಿದ.

ಅಲ್ಲಿಗೆ ಮಾತು ಮುಗಿದಿತ್ತು. ಸುಮ್ಮನಿದ್ದರೆ ಶಿವಪುತ್ರ ಪಾರಾಗಿದ್ದ. ಕೈ ತಪ್ಪುವುದು ಯಾರಿಗಿಲ್ಲ?

ಶಿವಪುತ್ರ ನೆಲ ನೋಡುತ್ತ ಹೇಳಿದ, “ಕೈ ತಪ್ಪಿಲ್ರಿ.”

ಮಿಸ್ತ್ರಿ ವಾಲ್ವು ಒರೆಸುತ್ತಲೇ ಇದ್ದರು.

“ಮಿಸ್ತ್ರೀ, ಕೈ ತಪ್ಪಿದ್ದಲ್ರಿ ಅದು.”

ಅವರಿಗೆ ತುಟಿ ಅಲುಗಿದ್ದು ಮಾತ್ರ ಕಂಡಿತು. “ಏನಂದಿ?”

ಕಿವುಡರ ಮುಂದೆ ತಪ್ಪನ್ನು ಪಿಸುಗುಟ್ಟಲಾಗುವುದಿಲ್ಲ. ಶಿವಪುತ್ರ ಮುಖ ಎತ್ತಬೇಕಾಯಿತು. ಗುರುವಿನ ಕಣ್ಣಿಗೆ ಕಣ್ಣು ಕೊಟ್ಟು ಕೂಗಬೇಕಾಯಿತು.

“ಬೇಕಂತ ಬಿಗಿ ಮಾಡಿದೆ. ನಿಮಗ ಕೇಳ್ಸೂದಿಲ್ಲ ಅಂತ ನನಗ ಗೊತ್ತಿತ್ತು. ಗೊತ್ತಿದ್ದ ಮಾಡಿದೆ.”

ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರ ಕೈ ನಿಂತಿತು. ಹನೀಫಸಾಬ ಒದ್ದೆ ಕೈಯಲ್ಲಿಯೇ ತಿರುಗಿ ನೋಡಿದ.

ಮಿಸ್ತ್ರಿ ವಾಲ್ವನ್ನು ಮೆಲ್ಲಗೆ ಕೆಳಗಿಟ್ಟರು. ಆ ಮಾತು ಅವರಿಗೆ ನಾಟಿತ್ತು. ಸುಟ್ಟ ವಾಲ್ವು ಅವರಿಗೆ ಹೊಸದಲ್ಲ. ತಮ್ಮ ಗುಟ್ಟು ಗೊತ್ತಿದ್ದೂ ಇಷ್ಟು ದಿನ ಎದುರಿಗೆ ನಿಂತು ಮಾತಾಡಿದ ಹುಡುಗ, ಅದೇ ಗುಟ್ಟನ್ನು ಹೀಗೂ ಬಳಸಿದನಲ್ಲ ಎಂಬುದು ನೋಯಿಸಿತು. ಅವರು ಹೊರಗೆ ಹೋಗಿ ಶೆಡ್ಡಿನ ಮೆಟ್ಟಿಲ ಮೇಲೆ ಹೊಳೆಯ ಕಡೆ ಮುಖ ಮಾಡಿ ಕುಳಿತರು.

ಹನೀಫಸಾಬ ಮೇಲೆ ಬಂದ. ಬೈಯಬಹುದಿತ್ತು, ಬೈಯಲಿಲ್ಲ.

“ಸದ್ದು ತೆಗಿ ಅಂತ ಕೇಳಿದಾಂವ ನಾನಲ್ಲೇನೋ ತಮ್ಮಾ,” ಎಂದಷ್ಟೇ ಹೇಳಿ ಶಿವಪುತ್ರನ ಪಕ್ಕದಲ್ಲಿ ಕುಳಿತ.

ಶಿವಪುತ್ರ ಹಳೆಯ ಇಂಜಿನ್ನೊಂದರಿಂದ ಗಟ್ಟಿ ವಾಲ್ವು ಹುಡುಕಿ ತೆಗೆದ. ಅದು ತನ್ನ ಜಾಗದಲ್ಲಿ ಸೋರದಂತೆ ಕೂರಲೆಂದು ಅಂಚಿಗೆ ಉಜ್ಜುವ ಮಣ್ಣು ಸವರಿ, ರಬ್ಬರಿನ ಬಟ್ಟಲಿದ್ದ ಕೋಲನ್ನು ಅಂಟಿಸಿ, ಕಡಗೋಲು ತಿರುವಿದಂತೆ ಎರಡೂ ಅಂಗೈ ನಡುವೆ ತಿರುವತೊಡಗಿದ. ಮಧ್ಯಾಹ್ನ ಊಟ ಮಾಡಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಸಂಜೆ ಮೇಲಿನಿಂದ ಸೀಮೆಎಣ್ಣೆ ಸುರಿದು ನೋಡಿದ. ಒಂದು ಹನಿ ಸೋರಿತು.

ಮತ್ತೆ ತಿರುವಿದ. ಮರುದಿನ ಬೆಳಿಗ್ಗೆ ಸುರಿದಾಗ ಸೋರಲಿಲ್ಲ.

ಆಗ ಮಿಸ್ತ್ರಿ ಬಂದರು. ಇಬ್ಬರೂ ಸೇರಿ ತಲೆ ಕೂರಿಸಿದರು. ಪಾನಾ ಕೇಳಿದಾಗ ಪಾನಾ, ನಟ್ಟು ಕೇಳಿದಾಗ ನಟ್ಟು. ಶಿವಪುತ್ರ ಸರಿಯಾದ ಎಲೆ ಹಿಡಿದು ಎಂಟು ಸಂದು ಬಿಟ್ಟ. ಪ್ರತಿಯೊಂದನ್ನೂ ಮಿಸ್ತ್ರಿ ಮತ್ತೊಮ್ಮೆ ಅಳೆದರು.

ಇಂಜಿನ್ನು ಶುರುವಾಯಿತು. ಟಕಟಕ ಸದ್ದೂ ಶುರುವಾಯಿತು.

ಹನೀಫಸಾಬ ತಲೆ ಓರೆ ಮಾಡಿ ಕೇಳಿದ. “ಇರಲಿ ಬಿಡು,” ಎಂದ. “ಕೇಳಿದ ಮಂದಿಗೆ ನಾನ ಹೇಳ್ತೀನಿ, ಸದ್ದು ಐತಿ, ಅದಕ್ಕ ಗಾಡಿ ಐತಿ ಅಂತ.” ಆ ಏರಿನವರೆಗೆ ಒಬ್ಬನೇ ಹೋಗಿ ಬಂದು, ಏರಿತು ಎಂದು ಕೈ ಮಾಡಿ ತೋರಿಸಿ ಊರ ದಾರಿ ಹಿಡಿದ.

ಶೆಡ್ಡಿನಲ್ಲಿ ಇಬ್ಬರೇ ಉಳಿದರು.

ಶಿವಪುತ್ರ ಕೈ ತೊಳೆದು ತನ್ನ ಪಾನಾಗಳನ್ನು ಒಂದೊಂದಾಗಿ ಗೋಣಿಚೀಲಕ್ಕೆ ಹಾಕಿದ. ಚೀಲ ಹೆಗಲಿಗೇರಿಸಿ ಮಿಸ್ತ್ರಿಯ ಎದುರಿಗೆ ಬಂದು ನಿಂತ. ಆ ರೂಢಿ ಮಾತ್ರ ಅವನಿಗೆ ಬಿಡಲಾಗಲಿಲ್ಲ.

“ಎಲ್ಲಿಗೆ?” ಎಂದರು ಮಿಸ್ತ್ರಿ.

“ಡಿಪೋದಾಗ ಕೇಳಿ ನೋಡ್ತೀನ್ರಿ.”

“ನಾ ಹೋಗು ಅಂದೆನೇನು?”

“ಅನ್ನಲಿಲ್ರಿ. ಆದ್ರ ಕೇಳ್ಸೂದಿಲ್ಲಂತ ಗೊತ್ತಿದ್ದು ಮೋಸ ಮಾಡಿದವನ್ನ ಪಕ್ಕದಾಗ ಇಟಗೊಂಡು ನೀವು ಹೆಂಗ ಕೆಲಸ ಮಾಡ್ತೀರಿ? ಯಾವ ಇಂಜಿನ್ನಿಗಿ ನನ್ನ ಮಾತು ನಂಬತೀರಿ?”

ಅವನ ಕಣ್ಣು ತುಂಬಿದ್ದವು. ಈ ಶೆಡ್ಡು ಬಿಟ್ಟರೆ ಅವನಿಗೆ ಬೇಕಾದ ಜಾಗ ಭೂಮಿಯ ಮೇಲೆ ಇನ್ನೊಂದಿರಲಿಲ್ಲ.

ಮಿಸ್ತ್ರಿ ಅವನ ಹೆಗಲಿನಿಂದ ಚೀಲ ಇಳಿಸಿಕೊಂಡರು. ಒಳಗಿನ ಪಾನಾಗಳನ್ನು ತೆಗೆದು, ತಮ್ಮ ಪಾನಾಗಳ ಸಾಲಿನಲ್ಲಿಯೇ ಗೋಡೆಯ ಮೊಳೆಗಳಿಗೆ ತೂಗುಹಾಕಿದರು.

“ನನಗ ಕೇಳ್ಸೂದಿಲ್ಲಂತ ಬಿಗಿ ಮಾಡಿದಿ, ಖರೆ,” ಎಂದರು. “ನನಗ ಕೇಳಿಸಲೇಬೇಕಂತ ಹೊಳಿಗೆಲ್ಲಾ ಕೇಳೂವಂಗ ಒದರಿದಿ. ಶಿವಪುತ್ರ, ಇದಕ್ಕಿಂತ ಚೊಲೋ ಕಿವಿ ಈ ವಯಸ್ಸಿನಾಗ ನನಗೆಲ್ಲಿ ಸಿಗತೈತಿ?”