ನೋಡಿದಾಗ ಮಾತ್ರ ತಿರುಗುವ ಫ್ಯಾನ್

ವಾಮನರಾಯರ ಹಳೆಯ ಕಾರು ಒಮ್ಮೊಮ್ಮೆ ತಣ್ಣಗಿರುತ್ತಿತ್ತು, ಒಮ್ಮೊಮ್ಮೆ ಕುದಿಯುತ್ತಿತ್ತು. ರಾಯರು ಅಂಗಳದಲ್ಲಿ ಎಂಜಿನ್ ಚಾಲೂ ಮಾಡಿ ಬಾನೆಟ್ ಎತ್ತಿದಾಗಲೆಲ್ಲ ಫ್ಯಾನ್ ಗಿರ್ರನೆ ತಿರುಗುತ್ತಿತ್ತು. ಒಂದು ದಿನ, "ಫ್ಯಾನ್ ಪಾಪ, ದುಡಿಯುತ್ತಿದೆ. ರೇಡಿಯೇಟರಿಗೇ ವಯಸ್ಸಾಯಿತು, ನಾಳೆ ಗುಜರಿಗೆ ಹಾಕೋಣ," ಎಂದು ಅವರು ಬಾನೆಟ್ ಮುಚ್ಚಿದರು. ಮುಚ್ಚಿದ ಕೂಡಲೇ ಫ್ಯಾನ್ ನಿಂತಿತು.

ರೇಡಿಯೇಟರ್ ಫ್ಯಾನನ್ನು ಕೇಳಿತು: "ಅಣ್ಣಾ, ನಿನ್ನ ಸೋಮಾರಿತನಕ್ಕೆ ನಾನು ಗುಜರಿಗೆ ಹೋಗಬೇಕೆ?"

"ಯಾರೂ ನೋಡದ ಕೆಲಸವನ್ನು ಮಾಡಿದರೇನು, ಬಿಟ್ಟರೇನು?" ಎಂದಿತು ಫ್ಯಾನ್.

ಎಂಜಿನ್ ಓಡುತ್ತಲೇ ಇತ್ತು. ಒಳಗಿನ ನೀರು ಕುದಿಯುತ್ತಲೇ ರೇಡಿಯೇಟರ್ ಕಾರಿನ ಮುಂದಿನ ಜಾಲರಿಯಿಂದ ಬುಸ್ಸೆಂದು ಹಬೆ ಬಿಟ್ಟಿತು. ಬಟ್ಟೆ ಒಣಹಾಕುತ್ತಿದ್ದ ರಾಯರ ಹೆಂಡತಿ ಕಮಲಾಕ್ಷಮ್ಮ ಬಂದು, ದೂರದಿಂದಲೇ ಬಗ್ಗಿ ಜಾಲರಿಯೊಳಗೆ ಇಣುಕಿದರು.

"ಅಲ್ಲಾ ರೀ, ನಿಮ್ಮ ಫ್ಯಾನ್ ನಿಂತೇ ಬಿಟ್ಟಿದೆಯಲ್ಲ."

ರಾಯರು ಬಾನೆಟ್ ಎತ್ತುವಷ್ಟರಲ್ಲಿ ಫ್ಯಾನ್ ಮತ್ತೆ ತಿರುಗತೊಡಗಿತು. ಈ ಸಲ ಅವರು ನಂಬಲಿಲ್ಲ. ಬಾನೆಟ್ ಎತ್ತಿದರೆ ಕೂಡಿಕೊಂಡು, ಮುಚ್ಚಿದರೆ ಬಿಟ್ಟುಹೋಗುತ್ತಿದ್ದ ಸಡಿಲ ವೈರನ್ನು ಹುಡುಕಿ ಬಿಗಿ ಮಾಡಿದರು.

ಈಗ ಫ್ಯಾನ್ ಮುಚ್ಚಿದ ಬಾನೆಟ್ಟಿನ ಕತ್ತಲಲ್ಲೂ ತಿರುಗುತ್ತದೆ. ಹೊಗಳಲು ಅಲ್ಲಿ ಯಾರೂ ಇಲ್ಲ. ಗಾಳಿಗೆ ಮೈಯೊಡ್ಡಿದ ರೇಡಿಯೇಟರ್ ಮಾತ್ರ, "ಹಾಯಾಗಿದೆ, ಅಣ್ಣಾ," ಎನ್ನುತ್ತದೆ.