ಸ್ಕೈಸ್ಕ್ರೇಪರ್ ಎಂಬ ಪುಟ್ಟ ಹಾಯಿ

ಮದುವೆಯ ದಿಬ್ಬಣ ಹೊತ್ತ ಹಾಯಿಹಡಗು ಗಾಳಿಯಿಲ್ಲದೆ ಬಂದರಿನಲ್ಲೇ ನಿಂತಿತ್ತು. ಮುಹೂರ್ತ ಸಮೀಪಿಸುತ್ತಿತ್ತು, ದೊಡ್ಡ ಹಾಯಿಗಳು ಜೋತುಬಿದ್ದಿದ್ದವು. ನಾವಿಕರು "ಸ್ಕೈಸ್ಕ್ರೇಪರ್ ಬಿಚ್ಚಿ!" ಎಂದು ಕೂಗುತ್ತ ಕಂಬದ ತುದಿಯ ಪುಟ್ಟ ಹಾಯಿಯನ್ನು ಬಿಚ್ಚುವಾಗ ದಡದ ಎತ್ತರದ ಕಟ್ಟಡಕ್ಕೆ ನಗು ಬಂತು.

"ಈ ಕರ್ಚೀಫಿನಿಂದ ಏನಾದೀತು? ಸ್ಕೈಸ್ಕ್ರೇಪರ್ ಅಂದರೆ ನಾನು, ತಂಗಿ. ಆಕಾಶವನ್ನೇ ಕೆರೆಯುವವನು."

"ಅದು ಮೊದಲು ನಮ್ಮ ಮನೆತನದ ಹೆಸರು, ಅಣ್ಣ. ಇಂಗ್ಲಿಷ್ ನಾವಿಕರು ತುದಿಯ ಹಾಯಿಯನ್ನು ಹಾಗೆ ಕರೆಯುತ್ತಿದ್ದರು. ಆಮೇಲೆ ಅದು ಎತ್ತರದ ಕುದುರೆಗೆ, ಉದ್ದ ಟೋಪಿಗೆ ಹೋಗಿ, ಕಡೆಗೆ ನಿನಗೆ ಬಂತು."

ಕಟ್ಟಡ ಪೆಚ್ಚಾಯಿತು. "ಹಾಗಾದರೆ ವಾಪಸು ಕೇಳುತ್ತೀಯಾ?"

ಅಷ್ಟರಲ್ಲಿ ಮೇಲುಗಾಳಿ ಪುಟ್ಟ ಹಾಯಿಯ ಹೊಟ್ಟೆ ತುಂಬಿಸಿತು. ಹಡಗು ಮೆಲ್ಲನೆ ಸರಿಯಿತು, ಓಲಗ ಮೊಳಗಿತು.

"ನೀನೇ ಇಟ್ಟುಕೋ, ಅಣ್ಣ," ಎಂದಿತು ಹಾಯಿ, ಹಿಂದಿರುಗಿ ನೋಡದೆ. "ನನಗೀಗ ಮದುವೆಗೆ ಹೊತ್ತಾಯಿತು."